ಕೈಯೊಳಗಿನ ದ್ಯೂತ: ತಪ್ಪು ಯಾರದು?

ಕಳೆದ ಚಾತುರ್ಮಾಸ್ಯದಲ್ಲಿ ಹುಮನಾಬಾದಿನ ನಮ್ಮ ದೇವಸ್ಥಾನದಲ್ಲಿ ವನಪರ್ವದ ಪ್ರವಚನವು ನಡೆದಿತ್ತು. ನಳೋಪಾಖ್ಯಾನವು ಮುಗಿದ ದಿನ ಮಂಗಳಾರತಿಯಾಗಿ, ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಜನರು ಏಳುತ್ತಿದ್ದಾಗ, ವಯೋವೃದ್ಧರಾದ ಗೃಹಸ್ಥರೊಬ್ಬರು ಪ್ರವಚನಕಾರರನ್ನು ತಡೆದು ಕೇಳಿದರು: “ಆಚಾರ್ಯರ, ನಳಮಹಾರಾಜನ ಒಳಗ ಕಲಿ ಹೊಕ್ಕಿದ್ದ, ಅದಕ್ಕ ಜೂಜಾಡಿದ. ನಮ್ಮ ಹುಡುಗರ ಒಳಗ ಈ ಮೊಬೈಲು ಹೊಕ್ಕದ. ಹಂಗಂದ್ರ ಹುಡುಗರದು ತಪ್ಪಿಲ್ಲೇನ್ರಿ?”

ಸಭೆಯಲ್ಲಿ ನಗೆಯೆದ್ದಿತು. ಪ್ರವಚನಕಾರರೂ ನಕ್ಕು, ಪ್ರಶ್ನೆ ದೊಡ್ಡದು, ನಾಳೆ ವಿಚಾರ ಮಾಡೋಣ ಎಂದರು. ಮರುದಿನ ಕಥಾಭಾಗವು ಮುಂದಕ್ಕೆ ಸಾಗಿತು. ಪ್ರಶ್ನೆಯು ಇದ್ದಲ್ಲಿಯೇ ಉಳಿಯಿತು. ನನಗೆ ಮಾತ್ರ ಆ ದಿನ ನಗು ಬಂದಿರಲಿಲ್ಲ. ಅದಕ್ಕೆ ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನ. ತಿಥಿನಿರ್ಣಯ, ಆರಾಧನಾ ವಾರ್ತೆಗಳಿಗೆ ಮೀಸಲಾದ ಈ ಪುಟಗಳಲ್ಲಿ ಮೊಬೈಲಿನ ಆಟವನ್ನು ಕುರಿತು ಬರೆಯುವುದು ಕೆಲವರಿಗೆ ಅನುಚಿತವೆನಿಸೀತು. ಆದರೆ ಪ್ರಶ್ನೆಯು ಹುಟ್ಟಿದ್ದು ದೇವರ ಸನ್ನಿಧಿಯಲ್ಲಿಯೇ ಎಂಬುದನ್ನು ಅಂಥವರು ಗಮನಿಸಬೇಕು.

ಎರಡು ವರ್ಷಗಳ ಹಿಂದೆ ನಮ್ಮಲ್ಲಿಗೆ ದ್ವಾದಶಿಯ ಪಾರಣೆಗೆ ಒಬ್ಬ ವಿದ್ಯಾರ್ಥಿಯು ಬರುತ್ತಿದ್ದ. ಬಸವಕಲ್ಯಾಣ ತಾಲೂಕಿನ ಹಳ್ಳಿಯವನು. ಹುಮನಾಬಾದಿನಲ್ಲಿ ಕೋಣೆ ಹಿಡಿದು ಬಿ.ಕಾಂ. ಓದುತ್ತಿದ್ದ. ಗುರುತು ಸಿಕ್ಕದಿರಲೆಂದು ಅಲ್ಪಸ್ವಲ್ಪ ವಿವರಗಳನ್ನು ಬದಲಿಸಿದ್ದೇನೆ. ೨೦೨೧ರ ಕೋವಿಡ್ ಎರಡನೆಯ ಅಲೆಯಲ್ಲಿ ತಾಯಿ ತೀರಿಕೊಂಡಿದ್ದರು. ತಂದೆ ಪುಣೆಯಲ್ಲಿ ಅಡುಗೆಯವರು. ಪುಣೆ–ಹೈದರಾಬಾದ ಹೆದ್ದಾರಿಯು ಹುಮನಾಬಾದನ್ನು ಹಾಯ್ದು ಹೋಗುತ್ತದಷ್ಟೇ. ಆ ಹೆದ್ದಾರಿಯ ಎರಡೂ ತುದಿಗಳಲ್ಲಿ ನಮ್ಮ ಎರಡೂ ತಾಲೂಕುಗಳ ಎಷ್ಟೋ ಮಂದಿ ತಂದೆಯರಿದ್ದಾರೆ. ಹುಡುಗನು ಬೆಳಗಿನ ಜಾವಕ್ಕೇ ಬಂದು ನೀರು ಸೇದುವುದು, ಎಲೆ ತೊಳೆಯುವುದು, ಬಡಿಸುವುದು ಮುಂತಾದ ಕೆಲಸಗಳನ್ನು ಹೇಳಿಸಿಕೊಳ್ಳದೆ ಮಾಡಿ, ಕೊನೆಯ ಪಂಕ್ತಿಯಲ್ಲಿ ಉಂಡು ಕಾಲೇಜಿಗೆ ಹೋಗುತ್ತಿದ್ದ.

ಆ ವರ್ಷದ ಕೃಷ್ಣಾಷ್ಟಮಿಯ ರಾತ್ರಿ ಅರ್ಘ್ಯಪ್ರದಾನದ ವೇಳೆಗೆ ಅವನು ಪ್ರಾಕಾರದ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಆಡುತ್ತಿದ್ದುದನ್ನು ಕಂಡೆ. ನಾಲ್ಕು ಜನರ ಎದುರಿಗೇ ಗದರಿಸಿದೆ. “ಜಪಮಾಲಿ ಹಿಡಿಯೋ ಕೈಯಾಗ ಇದೇನಿದು? ನಿಮ್ಮ ಅಪ್ಪ ಅಲ್ಲಿ ಬೆಂಕಿ ಮುಂದ ಬೇಯ್ಲಿಕ್ಕತ್ತಾನ, ನೀ ಇಲ್ಲಿ ಬಂದೂಕು ಹೊಡೀಲಿಕ್ಕತ್ತೀ” ಎಂದೆ. ಹುಡುಗನು ಏನೂ ಹೇಳದೆ ಎದ್ದುಹೋದ. ಪಾಠಶಾಲೆಯಲ್ಲಿ ಕಲಿತವನು ನಾನು; ನಾಲ್ಕು ಜನರೆದುರು ಒಳ್ಳೆಯ ಮಾತನಾಡಿದೆನೆಂಬ ತೃಪ್ತಿಯೂ ಆ ಕ್ಷಣಕ್ಕೆ ನನಗಿತ್ತೆಂಬುದನ್ನು ಮುಚ್ಚಿಡಲಾರೆ.

ಅನಂತರ ನಾಲ್ಕು ದ್ವಾದಶಿಗಳು ಕಳೆದವು. ಐದನೆಯ ದ್ವಾದಶಿಯಂದು ನಮ್ಮ ಅಡುಗೆಯವರು, “ಪ್ರತಿ ಸಲ ಒಂದು ಎಲಿ ಹೆಚ್ಚು ಉಳೀಲಿಕ್ಕತ್ತದ, ಆ ಹುಡುಗ ಎಲ್ಲಿ?” ಎಂದು ಕೇಳಿದರು. ಎರಡು ತಿಂಗಳವರೆಗೆ ಆ ಪ್ರಶ್ನೆಯು ಅವರೊಬ್ಬರನ್ನು ಬಿಟ್ಟು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವನ ಕೋಣೆಗೆ ಹೋದೆ. ಹಗಲು ಹನ್ನೊಂದು ಗಂಟೆಗೆ ಕಿಟಕಿಗೆ ಚಾದರ ಕಟ್ಟಿ ಮಲಗಿದ್ದ. ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಕಾಲೇಜಿಗೆ ಹೋಗಿ ಒಂದು ತಿಂಗಳಾಗಿತ್ತು. ಆಟದಲ್ಲಿ ವೇಷಭೂಷಣಗಳನ್ನೂ ಆಯುಧಗಳ ಬಣ್ಣಗಳನ್ನೂ ಕೊಳ್ಳುವುದಕ್ಕೆಂದು ಅವರಿವರಲ್ಲಿ ಮಾಡಿದ ಸಾಲವು ೧೧,೦೦೦ ರೂಪಾಯಿಗಳಾಗಿತ್ತು. ಬೈಯುವುದಕ್ಕೆ ಮತ್ತೆ ಬಾಯಿ ತೆರೆದವನು, ಅಡುಗೆಯವರ ಮಾತು ನೆನಪಾಗಿ, ಅದೇಕೋ ಸುಮ್ಮನೆ ಕೇಳಿದೆ: “ರಾತ್ರಿಯೆಲ್ಲ ಅದರಾಗ ಏನದಪ್ಪಾ?” ಅವನು ಬಹಳ ಹೊತ್ತಿನ ಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಅಣ್ಣಾರ, ನಾವು ನಾಕು ಮಂದಿ ಕೂಡಿ ಆಡ್ತೀವ್ರಿ. ಒಬ್ಬಾಂವ ಲಾತೂರಿನಾಂವ, ಒಬ್ಬಾಂವ ಗುವಾಹಾಟಿ, ಇನ್ನೊಬ್ಬ ಎಲ್ಲಿಯವನೋ ಗೊತ್ತಿಲ್ಲ. ರಾತ್ರಿ ಹತ್ತಕ್ಕ ನಾ ಬರಲಿಲ್ಲಂದ್ರ ಮೂರೂ ಮಂದಿ ನನ್ನ ಹಾದಿ ಕಾಯ್ತಾರ. ಎಲ್ಲಿದ್ದಿ, ಉಂಡ್ಯೋ ಇಲ್ಲೋ ಅಂತ ಕೇಳ್ತಾರ. ಈ ಊರಾಗ ನನ್ನ ಹಾದಿ ಯಾರು ಕಾಯ್ತಾರ್ರಿ?”

ಉತ್ತರ ಕೊಡಲಾರದೆ ಹೊರಗೆ ಬಂದೆ.

ಮರುದಿನ ಬಸವಕಲ್ಯಾಣದಲ್ಲಿದ್ದ ಅವನ ಕಾಕಾನವರನ್ನು ಕಾಣಲು ಹೋದೆ. ಸಜ್ಜನರು, ಸಂಧ್ಯಾವಂದನೆಯನ್ನು ಬಿಟ್ಟವರಲ್ಲ. ವಿಷಯವನ್ನು ತಿಳಿಸುತ್ತಿದ್ದಂತೆಯೇ ಮುಖ ಕೆಂಪಾಗಿ, “ಅವನಿಗೂ ನಮಗೂ ಸಂಬಂಧ ಇಲ್ಲ ಬಿಡ್ರಿ. ಸಾಲ ಕೇಳ್ಲಿಕ್ಕೆ ಇಲ್ಲೀತನಕ ಬಂದಿದ್ರು. ನಮಗ ಗೊತ್ತಿಲ್ಲ, ಅವನ್ನೇ ಹಿಡಕೊಂಡು ಹೋಗ್ರಿ ಅಂತ ಹೇಳಿ ಕಳಿಸೀನಿ” ಎಂದರು.

ಋಗ್ವೇದದ ದಶಮ ಮಂಡಲದಲ್ಲಿ ಅಕ್ಷಸೂಕ್ತವೆಂಬುದೊಂದಿದೆ. ಜೂಜುಕೋರನೊಬ್ಬನ ಸಂಕಟವೇ ಅದರ ವಿಷಯ. ದಾಳಗಳಿಗೆ ಕೈಗಳಿಲ್ಲ, ಆದರೂ ಕೈಯುಳ್ಳವನನ್ನು ಅವು ಸೋಲಿಸುತ್ತವೆ. ಅವು ತಣ್ಣಗಿವೆ, ಆದರೂ ಎದೆಯನ್ನು ಸುಡುತ್ತವೆ. ಇನ್ನು ಆಡುವುದಿಲ್ಲವೆಂದು ನಿಶ್ಚಯಿಸಿದವನು ದಾಳದ ಸದ್ದನ್ನು ಕೇಳಿದೊಡನೆ ಎದ್ದು ನಡೆಯುತ್ತಾನೆ. ಅಲ್ಲಿಯೇ ಇನ್ನೊಂದು ಮಾತಿದೆ. ಸಾಲಗಾರರು ಬಂದಾಗ ತಂದೆತಾಯಿಗಳೂ ಸೋದರರೂ ಇವನನ್ನು ನಾವರಿಯೆವು, ಕಟ್ಟಿ ಒಯ್ಯಿರಿ ಎನ್ನುತ್ತಾರೆ. ಸೂಕ್ತವನ್ನು ಓದಿದ್ದ ನನಗೆ ಕಾಕಾನವರ ಬಾಯಿಂದ ಅದೇ ಮಾತನ್ನು ಕೇಳಿ ಮೈ ಜುಮ್ಮೆಂದಿತು. ಸಾವಿರಾರು ವರ್ಷಗಳಲ್ಲಿ ದಾಳದ ರೂಪ ಬದಲಾಗಿದೆ, ಬಾಗಿಲಲ್ಲಿ ನಿಂತು ಆಡುವ ಮಾತು ಬದಲಾಗಿಲ್ಲ.

ಇನ್ನು ವಿಚಾರಕ್ಕೆ ಬರೋಣ. ಆಟವೇ ಪಾಪವೆಂದು ನಮ್ಮ ಹಿರಿಯರಲ್ಲಿ ಕೆಲವರ ಭಾವನೆ. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಗೀತಾಚಾರ್ಯನು ಷಷ್ಠಾಧ್ಯಾಯದಲ್ಲಿ ಯೋಗಿಗೆ ಆಹಾರ ನಿದ್ರೆಗಳೊಡನೆ ವಿಹಾರವನ್ನೂ ಹೇಳಿ, ಅದು ಯುಕ್ತವಾಗಿರಲಿ ಎಂದಿದ್ದಾನೆಯೇ ಹೊರತು ಬೇಡವೆಂದಿಲ್ಲ. ಶ್ರೀಮದಾಚಾರ್ಯರು ವಾಸುದೇವ ನಾಮಕ ಬಾಲಕರಾಗಿದ್ದಾಗ ಓಟ, ನೆಗೆತ, ಮಲ್ಲಯುದ್ಧ, ಈಜುಗಳಲ್ಲಿ ಸಮವಯಸ್ಕರೆಲ್ಲರನ್ನೂ ಮೀರಿಸುತ್ತಿದ್ದರೆಂದೂ, ಪಾಠದಲ್ಲಿ ಮನಸ್ಸಿಲ್ಲವೆಂದು ಉಪಾಧ್ಯಾಯರಿಂದ ಆಕ್ಷೇಪಣೆಗೆ ಗುರಿಯಾದರೆಂದೂ ಸುಮಧ್ವವಿಜಯವು ವರ್ಣಿಸುತ್ತದೆ. ಆಟವು ಹೇಯವಾಗಿದ್ದರೆ ನಾರಾಯಣ ಪಂಡಿತಾಚಾರ್ಯರು ಅದನ್ನು ಹಾಗೆ ಸಂಭ್ರಮದಿಂದ ಬರೆಯುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಪಾಠಶಾಲೆಯಲ್ಲಿ ಅನಧ್ಯಯನದ ದಿನಗಳಿಗಾಗಿ ಕಾದು ಕುಳಿತಿರುತ್ತಿದ್ದೆವು. ಚಿಣ್ಣಿದಾಂಡು ಆಡಿ ಮೊಳಕಾಲು ಒಡೆದುಕೊಂಡ ಗುರುತು ಇನ್ನೂ ಇದೆ.

ಇದಕ್ಕಿಂತ ಮುಖ್ಯವಾದುದು ಲೀಲಾಸೂತ್ರ. ಪರಿಪೂರ್ಣನಾದ ಪರಮಾತ್ಮನು ಏಕೆ ಸೃಷ್ಟಿ ಮಾಡಬೇಕು, ಅವನಿಗೆ ಏನು ಕೊರತೆ ಎಂಬ ಪ್ರಶ್ನೆಗೆ, ಅದು ಕೇವಲ ಲೀಲೆಯೆಂದು ಸೂತ್ರಕಾರರ ಉತ್ತರ. ಶ್ರೀಮದಾಚಾರ್ಯರು ಅಲ್ಲಿ ಕೊಡುವ ದೃಷ್ಟಾಂತವನ್ನು ಮೊದಲು ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು: ಮತ್ತನಾದವನು ಸುಖೋದ್ರೇಕದಿಂದ ಕುಣಿಯುವಂತೆ, ಯಾವ ಪ್ರಯೋಜನವನ್ನೂ ಅಪೇಕ್ಷಿಸದೆ. ತುಂಬಿದ ಕೊಡವು ತುಳುಕುವುದೇ ಲೀಲೆ. ಜೀವರಾದ ನಮ್ಮಲ್ಲಿ ಆ ಪೂರ್ಣತೆಯಿಲ್ಲ, ನಿಜ. ಆದರೂ ಸಂಜೆಯ ಹೊತ್ತು ಬಯಲಿನಲ್ಲಿ ಕೂಗಾಡುವ ಮಕ್ಕಳಲ್ಲಿ ಅದರ ಒಂದು ಕಣವನ್ನು ಕಾಣಬಹುದು. ಕಿಟಕಿಗೆ ಚಾದರ ಕಟ್ಟಿದ ಆ ಕೋಣೆಯಲ್ಲಿ ನಾನು ಕಂಡದ್ದು ಅದಲ್ಲ. ಅವನಲ್ಲಿ ತುಳುಕುವುದೇನೂ ಇರಲಿಲ್ಲ. ಬರಿದಾದ ಕೊಡವನ್ನು ಹಿಡಿದು ಸಿಕ್ಕ ನೀರಿಗೆ ನಡೆದಿದ್ದ. ನೀರು ಕೆಟ್ಟದ್ದೆಂದು ಅವನಿಗೆ ಬೋಧಿಸುವುದು ಸುಲಭ. ನಾನು ಕೃಷ್ಣಾಷ್ಟಮಿಯಂದು ಮಾಡಿದ್ದು ಅದನ್ನೇ.

ನಳನ ಕಥೆಯಲ್ಲಿ ಕಲಿಪುರುಷನು ಒಮ್ಮೆಗೇ ಒಳಹೊಗಲಿಲ್ಲ ಎಂಬುದನ್ನು ಜನರು ಮರೆಯುತ್ತಾರೆ. ಹನ್ನೆರಡನೆಯ ವರ್ಷದವರೆಗೆ ಹೊಂಚು ಹಾಕಿದ್ದ. ಒಂದು ದಿನ ನಳನು ಕಾಲು ತೊಳೆಯದೆ ಸಂಧ್ಯೋಪಾಸನೆಗೆ ಕುಳಿತ. ಆ ಸಣ್ಣ ಸಂದಿಯೇ ಸಾಕಾಯಿತು. ನಮ್ಮ ಹುಡುಗನಲ್ಲಿ ಸಂದಿ ಎಲ್ಲಿತ್ತು? ತಾಯಿ ಹೋದ ಮೇಲೆ, ಸೂತಕದ ದಿನಗಳು ಕಳೆದು ನೆಂಟರೆಲ್ಲ ಊರುಗಳಿಗೆ ಹೋದ ಮೇಲೆ, ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಆ ಕಾಲದಲ್ಲಿ, ಆಟವು ಪ್ರಾರಂಭವಾಯಿತು. ಮೊಬೈಲನ್ನು ಕೊಂಡದ್ದು ತಾಯಿಯೇ. ೨೦೨೦ರಲ್ಲಿ ಶಾಲೆ ಕಾಲೇಜುಗಳ ಪಾಠವೆಲ್ಲ ಮೊಬೈಲಿಗೆ ಬಂದಾಗ ಮಗನು ಹಿಂದೆ ಬೀಳಬಾರದೆಂದು ಕೊಂಡದ್ದು. ತಾಯಿಯ ಧ್ವನಿಯ ಸಂದೇಶಗಳು ಇನ್ನೂ ಅದರಲ್ಲಿವೆ. “ಮೊದಲು ಆ ಡಬ್ಬಿ ಒಡದು ಹಾಕ್ರಿ” ಎಂದು ನನಗೆ ಉಪದೇಶ ಮಾಡಿದವರು ಬಹಳ ಮಂದಿ. ಅದರೊಳಗೆ ಏನಿದೆಯೆಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಳನಿಂದ ಕಲಿಯು ಹೊರಬಿದ್ದದ್ದು ಹೇಗೆಂಬುದನ್ನು ಗಮನಿಸಬೇಕು. ಋತುಪರ್ಣನ ಸಾರಥಿಯಾಗಿ ಹೋಗುತ್ತಿರುವಾಗ ದಾರಿಯಲ್ಲಿ ತಾರೆಯ ಮರ ಬರುತ್ತದೆ. ಆ ಮರದ ಕಾಯಿಗಳೇ ಹಿಂದೆ ದಾಳಗಳಾಗಿದ್ದವು. ಋತುಪರ್ಣನು ಅದರ ಎಲೆಗಳನ್ನೂ ಕಾಯಿಗಳನ್ನೂ ನೋಡಿದ ಮಾತ್ರದಿಂದ ಎಣಿಸಿ ಹೇಳುತ್ತಾನೆ. ನಳನಿಗೆ ಸಂಖ್ಯಾವಿದ್ಯೆಯನ್ನೂ ಅಕ್ಷಹೃದಯವನ್ನೂ, ಎಂದರೆ ದಾಳದ ಒಳಗುಟ್ಟನ್ನೂ, ಉಪದೇಶಿಸುತ್ತಾನೆ. ಗುಟ್ಟು ತಿಳಿದೊಡನೆ ಕಲಿಯು ಹೊರಗೆ ಬಂದು ಅದೇ ಮರವನ್ನು ಹೊಗುತ್ತಾನೆ. ಆಟದ ಹೃದಯವನ್ನು ಅರಿಯದೆ ಆಟದಿಂದ ಬಿಡುಗಡೆಯಿಲ್ಲವೆಂದು ನಾನು ಇದಕ್ಕೆ ಅರ್ಥ ಮಾಡಿದ್ದೇನೆ. ಪಂಡಿತರು ಒಪ್ಪದಿದ್ದರೆ ತಿದ್ದಬೇಕು.

ಹಾಗಾದರೆ ಈ ಆಟಗಳ ಹೃದಯವೇನು? ನೂರು ಮಂದಿಯನ್ನು ಒಂದು ದ್ವೀಪದಲ್ಲಿ ಇಳಿಸುತ್ತಾರೆ. ಕೊನೆಗೆ ಉಳಿದವನು ಅಥವಾ ಉಳಿದ ತಂಡವು ಗೆದ್ದಂತೆ. ನೂರರಲ್ಲಿ ಒಂದು ಸಲ ಗೆಲ್ಲುವುದೂ ಕಷ್ಟ. ಆದರೆ ಪ್ರತಿ ಆಟದಲ್ಲಿಯೂ ಇನ್ನೇನು ಗೆದ್ದೆನೆಂಬ ಕ್ಷಣವೊಂದಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಎಂಬವನು ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದ. ಬಿಲ್ಲೆಯನ್ನು ಇಂತಿಷ್ಟು ಸಲ ಕುಟುಕಿದರೆ ಕಾಳು ಎಂದು ನಿಯಮವಿದ್ದಾಗ ಹಕ್ಕಿಯು ಕಾಳು ಸಿಕ್ಕ ಮೇಲೆ ಕೊಂಚ ವಿರಮಿಸುತ್ತದೆ. ಕಾಳು ಯಾವಾಗ ಬೀಳುವುದೋ ತಿಳಿಯದಂತೆ ಮಾಡಿದರೆ ವಿರಾಮವಿಲ್ಲದೆ ಕುಟುಕುತ್ತಲೇ ಇರುತ್ತದೆ. ಆಟಗಳನ್ನು ರಚಿಸುವವರು ಇದನ್ನು ಚೆನ್ನಾಗಿ ಬಲ್ಲರು. ದಿನವೂ ಬಂದು ಬಾಗಿಲು ತೆರೆದವನಿಗೆ ಉಡುಗೊರೆ, ಒಂದು ದಿನ ತಪ್ಪಿದರೆ ಸರಣಿ ಕಡಿಯಿತು. ಕೆಲವು ವಾರಗಳಿಗೊಮ್ಮೆ ಗಳಿಸಿದ ಪದವಿಯು ಕೆಳಗಿಳಿದು ಮತ್ತೆ ಏರಬೇಕು. ನಮ್ಮಲ್ಲಿ ಯಾವ ಪಾರಾಯಣಕ್ಕಾದರೂ ಫಲಶ್ರುತಿಯುಂಟು, ಮಂಗಳಾರತಿಯುಂಟು, ಆಮೇಲೆ ಮನೆಗೆ ಹೋಗುವುದುಂಟು. ಇವು ಮಂಗಳವಿಲ್ಲದ ಆಟಗಳು.

೨೦೧೬ರ ಅನಂತರ ಅಂತರಜಾಲವು ಅಗ್ಗವಾಗಿ, ಬಡ ವಿದ್ಯಾರ್ಥಿಯ ಕೈಗೂ ಇದು ಎಟುಕಿತು. ೨೦೨೦ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಎಂಬ ಆಟವನ್ನು ಕೇಂದ್ರ ಸರಕಾರವು ನಿಷೇಧಿಸಿತು. ಮರುವರ್ಷ ಜುಲೈಯಲ್ಲಿ ಬೇರೆ ಹೆಸರಿನಿಂದ ಅದು ತಿರುಗಿ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ತೊಂದರೆಗಳಿಗಾಗಿಯೇ ೨೦೧೪ರಷ್ಟು ಹಿಂದೆ ಒಂದು ಚಿಕಿತ್ಸಾಲಯವನ್ನು ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಸೂಚಿಯಲ್ಲಿ ಇದನ್ನು ಒಂದು ವ್ಯಾಧಿಯೆಂದು ಸೇರಿಸಿದ್ದನ್ನು ೨೦೧೯ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿತು. ೨೦೨೨ರ ಜನವರಿ ೧ರಿಂದ ಆ ಸೂಚಿಯು ಜಾರಿಗೆ ಬಂದಿದೆ. ಆಡುವವರೆಲ್ಲರೂ ರೋಗಿಗಳೆಂದು ಅದರ ಅರ್ಥವಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ ನಿದ್ರೆ ವಿದ್ಯೆ ಬಾಂಧವ್ಯಗಳೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು. ಕೇಡಾಗುತ್ತಿದೆಯೆಂದು ತಿಳಿದೂ ಮುಂದುವರಿಸುತ್ತಿರಬೇಕು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರಬೇಕು. ವಿಷಯಧ್ಯಾನದಿಂದ ಸಂಗ, ಸಂಗದಿಂದ ಕಾಮ, ಹೀಗೆ ಬುದ್ಧಿನಾಶದವರೆಗೆ ಗೀತೆಯ ದ್ವಿತೀಯಾಧ್ಯಾಯವು ಹೇಳುವ ಸೋಪಾನವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಇಲ್ಲಿ ಬಸವಕಲ್ಯಾಣದ ಒಂದು ವಿಷಯವನ್ನು ಹೇಳದಿರಲಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರರು ಇದ್ದದ್ದು ಅಲ್ಲಿ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಗ್ರಂಥದಲ್ಲಿ ದ್ಯೂತಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದರೆ, ಯಾಜ್ಞವಲ್ಕ್ಯರು ಅದನ್ನು ರಾಜನ ಕಣ್ಣೆದುರಿಗೆ ತರುತ್ತಾರೆ. ದ್ಯೂತಶಾಲೆಯನ್ನು ನಡೆಸುವವನಿಗೆ ಸಭಿಕನೆಂದು ಹೆಸರು. ನೂರು ಅಥವಾ ಅದಕ್ಕೆ ಮೇಲ್ಪಟ್ಟು ಗೆದ್ದವನಿಂದ ಅವನಿಗೆ ನೂರಕ್ಕೆ ಐದು, ಉಳಿದವರಿಂದ ನೂರಕ್ಕೆ ಹತ್ತು. ಅದರಲ್ಲಿ ರಾಜನ ಪಾಲನ್ನು ಅವನು ಸಲ್ಲಿಸಬೇಕು. ಯಾರೇ ಗೆಲ್ಲಲಿ, ಸಭಿಕನಿಗೆ ಸೋಲಿಲ್ಲ! ಇಂದಿನ ಆಟಗಳ ಒಡೆಯರನ್ನು ನೋಡಿದರೆ ನನಗೆ ಈ ಸಭಿಕನೇ ನೆನಪಾಗುತ್ತಾನೆ. ೨೦೨೧ರಲ್ಲಿ ಕರ್ನಾಟಕವು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಶಾಸನ ಮಾಡಿತು. ಅದರ ಮುಖ್ಯ ಭಾಗಗಳನ್ನು ೨೦೨೨ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಒಳ್ಳೆಯದೇ. ಆದರೆ ನಮ್ಮ ಹುಡುಗನು ಪಣಕ್ಕೆ ಹಣವನ್ನು ಇಟ್ಟಿರಲಿಲ್ಲ. ಅವನ ಪಣವು ಕಾಲವಾಗಿತ್ತು. ಕಾಲವನ್ನು ಪಣವಿಟ್ಟವನನ್ನು ಮನುವಿನ ಶಾಸನವಾಗಲಿ ಸಂಸತ್ತಿನ ಶಾಸನವಾಗಲಿ ಮುಟ್ಟಲಾರದು.

ಅದೇ ಮಿತಾಕ್ಷರೆಯಲ್ಲಿ ಕಾಕಾನವರ ಪಕ್ಷಕ್ಕೂ ಆಧಾರವಿದೆ. ಅದನ್ನೂ ಹೇಳುವುದು ನ್ಯಾಯ. ಕುಟುಂಬಕ್ಕಾಗಿ ಮಾಡಿದ್ದಲ್ಲದಿದ್ದರೆ ಮಗನ ಸಾಲವನ್ನು ತಂದೆಯೂ ತೀರಿಸಬೇಕಾಗಿಲ್ಲ. ದ್ಯೂತಕ್ಕಾಗಿ ತಂದೆ ಮಾಡಿದ ಸಾಲವು ಮಗನಿಗೂ ಅಂಟುವುದಿಲ್ಲ. ಸಾಲದ ಮಟ್ಟಿಗೆ ಕಾಕಾನವರು ನಿರ್ದೋಷಿಗಳು. ಆದರೆ ತಂದೆಯ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸಾಧಿಸಿದ ಗ್ರಂಥವೂ ಇದೇ. ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಹಿಂದೂ ಕುಟುಂಬಗಳ ವಾದಗಳನ್ನು ತೀರಿಸಿದ್ದು ಈ ಸಿದ್ಧಾಂತದ ಮೇಲೆ. ಹೊಲಮನೆಯೇ ಇಲ್ಲದ ಅಡುಗೆಯವನ ಮಗನಿಗೆ ಹುಟ್ಟಿನಿಂದ ಏನು ಬರಬೇಕು? ಯಾರಾದರೊಬ್ಬರು ಉಂಡೆಯಾ ಎಂದು ಕೇಳುವುದಾದರೂ ಬರಬೇಡವೇ? ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಕುಳಿತು ನಾನು ಯೋಚಿಸಿದ್ದು ಇದನ್ನೇ.

ಈಗ ವೃದ್ಧ ಗೃಹಸ್ಥರ ಪ್ರಶ್ನೆ. ಎರಡು ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಕಲಿಪ್ರಭಾವ, ಪ್ರಾರಬ್ಧ, ಕಾಲವೇ ಕೆಟ್ಟಿದೆ, ಹುಡುಗನೇನು ಮಾಡಿಯಾನು ಎಂಬುದು ಒಂದು. ಬುದ್ಧಿಯಿರುವ ವಯಸ್ಸಿನವನು, ಮಾಡಿದ್ದನ್ನು ಉಣ್ಣಲಿ ಎಂಬುದು ಇನ್ನೊಂದು. ಮೊದಲನೆಯದು ಕರುಣೆಯಂತೆಯೂ ಎರಡನೆಯದು ನ್ಯಾಯದಂತೆಯೂ ತೋರುತ್ತವೆ. ಆದರೆ ಎರಡರಲ್ಲಿಯೂ ಹೇಳುವವನಿಗೆ ಎದ್ದು ಹೋಗುವ ಕೆಲಸವಿಲ್ಲವೆಂಬುದು ಸಮಾನ.

ನಮ್ಮ ಸಿದ್ಧಾಂತವು ಇವೆರಡನ್ನೂ ಒಪ್ಪುವುದಿಲ್ಲ. ಜೀವನು ಕರ್ತೃವೇ, ಇಲ್ಲದಿದ್ದರೆ ಇದನ್ನು ಮಾಡು, ಅದನ್ನು ಬಿಡು ಎನ್ನುವ ಶಾಸ್ತ್ರಕ್ಕೆ ಅರ್ಥವಿಲ್ಲ. ಆದರೆ ಅವನ ಕರ್ತೃತ್ವವು ಪರಾಧೀನ. ಬ್ರಹ್ಮಸೂತ್ರದ ದ್ವಿತೀಯಾಧ್ಯಾಯದ ತೃತೀಯ ಪಾದದಲ್ಲಿ ಇದಕ್ಕೆ ಬಡಗಿಯ ದೃಷ್ಟಾಂತವಿದೆ. ಬಡಗಿಯು ಮಾಡಿಸುವವನ ಅಧೀನನೂ ಹೌದು, ತಾನೇ ಮಾಡುವವನೂ ಹೌದು ಎಂದು ಶ್ರೀಮದಾಚಾರ್ಯರ ವಿವರಣೆ. ಈಶ್ವರನಾದರೂ ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಪ್ರೇರಿಸುತ್ತಾನೆ. ಇದು ಈಶ್ವರ–ಜೀವರ ವಿಷಯದ ಸಿದ್ಧಾಂತ. ತಂದೆ–ಮಕ್ಕಳಿಗೆ ನೇರವಾಗಿ ಹೊಂದಿಸಿದರೆ ಅತಿಪ್ರಸಂಗವಾದೀತೆಂದು ಬಲ್ಲೆ. ಆದರೂ ಇದರಿಂದ ಒಂದು ಮಾತನ್ನು ಕಲಿತಿದ್ದೇನೆ. ಅಧೀನನೆಂದ ಮಾತ್ರಕ್ಕೆ ತಪ್ಪು ಇಲ್ಲವಾಗುವುದಿಲ್ಲ. ತಪ್ಪಿತಸ್ಥನೆಂದ ಮಾತ್ರಕ್ಕೆ ಅಧೀನತೆಯು ಇಲ್ಲವಾಗುವುದಿಲ್ಲ. ಹುಡುಗನು ಮೊಬೈಲನ್ನು ಕೈಯಲ್ಲಿ ಹಿಡಿದದ್ದು ಅವನ ಕೃತಿ. ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಇನ್ನೊಂದು ಕೈಯಿಲ್ಲದ್ದು ಅವನ ಕೃತಿಯಲ್ಲ.

ತಂದೆಯ ತಪ್ಪೇ? ಅವರನ್ನು ಕಂಡವರು ಹಾಗೆನ್ನಲಾರರು. ಲಗ್ನದ ದಿನಗಳಲ್ಲಿ ರಾತ್ರಿ ಮೂರು ಗಂಟೆಗೆ ಒಲೆ ಹೊತ್ತಿಸಿದರೆ ಮಧ್ಯಾಹ್ನದವರೆಗೆ ನಿಲ್ಲುವಂತಿಲ್ಲ. ತಿಂಗಳಿಗೆ ತಪ್ಪದೆ ೪,೫೦೦ ರೂಪಾಯಿ ಕಳಿಸುತ್ತಿದ್ದರು. ರವಿವಾರಕ್ಕೊಮ್ಮೆ ಫೋನು ಮಾಡಿ, “ಓದ್ಲಿಕ್ಕತ್ತೀ?” ಎಂದು ಕೇಳಿದರೆ “ಹೂಂ” ಎಂದು ಇವನು. ಅಷ್ಟೇ ಮಾತು. ಹೆಂಡತಿಯಿದ್ದಾಗ ತಂದೆ ಮಗನ ನಡುವಿನ ಮಾತನ್ನೆಲ್ಲ ಆಕೆಯೇ ಆಡುತ್ತಿದ್ದಳಂತೆ. ಇದನ್ನು ಆ ತಂದೆಯೇ ನನಗೆ ಹೇಳಿದರು.

ನಳಕಥೆಯಲ್ಲಿ ಎಲ್ಲರೂ ನಳನನ್ನೂ ಕಲಿಯನ್ನೂ ನೆನೆಯುತ್ತಾರೆ. ನನಗೆ ಈಗ ದಮಯಂತಿಯೇ ಮುಖ್ಯಳಾಗಿ ತೋರುತ್ತಾಳೆ. ಜೂಜಾಡುವಾಗ ಆಕೆ ತಡೆದಳು, ಮಂತ್ರಿಗಳೂ ಪುರಜನರೂ ಬಾಗಿಲಿಗೆ ಬಂದು ನಿಂತರು, ಅದಾವುದೂ ಫಲಿಸಲಿಲ್ಲ. ಆದರೆ ಎಲ್ಲವನ್ನೂ ಸೋತು, ತನ್ನನ್ನೇ ಅಡವಿಯಲ್ಲಿ ಬಿಟ್ಟುಹೋದವನನ್ನು ಆಕೆ ಬ್ರಾಹ್ಮಣರನ್ನು ದಿಕ್ಕುದಿಕ್ಕಿಗೆ ಕಳುಹಿಸಿ ಹುಡುಕಿಸಿದಳು. ಅವರ ಕೈಯಲ್ಲಿ ಶ್ಲೋಕರೂಪವಾದ ಒಂದು ಪ್ರಶ್ನೆಯನ್ನು ಕೊಟ್ಟಿದ್ದಳು; ಯಾರು ಅದಕ್ಕೆ ಉತ್ತರ ಕೊಡುವನೋ ಅವನೇ ನಳ. ಋತುಪರ್ಣನ ರಥವು ಆ ತಾರೆಯ ಮರದ ಬಳಿಗೆ ಬಂದದ್ದೂ ಆಕೆಯ ಉಪಾಯದಿಂದಲೇ. ಅಕ್ಷಹೃದಯವನ್ನು ಕೊಟ್ಟವನು ಋತುಪರ್ಣ, ಅದು ದೊರೆಯುವ ದಾರಿಗೆ ತಂದವಳು ದಮಯಂತಿ. ನಮ್ಮ ಟೀಕಾಚಾರ್ಯರ ಪೂರ್ವಾಶ್ರಮದ ಕಥೆಯೂ ನೆನಪಾಗುತ್ತದೆ. ಕುದುರೆಯ ಮೇಲಿಂದಲೇ ಬಾಗಿ ಎತ್ತಿನಂತೆ ನದಿಯ ನೀರಿಗೆ ಬಾಯಿಟ್ಟ ಸರದಾರ ಪುತ್ರನನ್ನು ಅಕ್ಷೋಭ್ಯತೀರ್ಥರು ಅವಿನಯಕ್ಕಾಗಿ ಗದರಿಸಲಿಲ್ಲ, ಒಂದು ಪ್ರಶ್ನೆಯನ್ನು ಕೇಳಿದರು ಎಂಬುದು ಸಂಪ್ರದಾಯ. ಮಳಖೇಡಕ್ಕೆ ಪ್ರತಿವರ್ಷ ಆರಾಧನೆಗೆ ಹೋಗುವ ನಾನು ಕೃಷ್ಣಾಷ್ಟಮಿಯಂದು ಅದನ್ನು ಮರೆತಿದ್ದೆ.

ಮುಂದೆ ನಡೆದದ್ದು ಚಮತ್ಕಾರವೇನಲ್ಲ. ಟೆಲಿಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿಯುಂಟು, ಸಂಖ್ಯೆ ೧೪೪೧೬. ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮೊದಲು ಅಲ್ಲಿಗೆ ಮಾತನಾಡಿದೆವು. ಅನಂತರ ಬೀದರಿನಲ್ಲಿ ಮನೋವೈದ್ಯರನ್ನು ಕಂಡೆವು. ಹುಚ್ಚರ ಡಾಕ್ಟರೆಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ಅವರಿಗಾಗಿಯೇ ಇದನ್ನು ಬರೆದೆ. ವೈದ್ಯರು ಆಟವನ್ನು ಕುರಿತು ಕಡಿಮೆಯಾಗಿ, ನಿದ್ರೆಯನ್ನೂ ತಾಯಿಯನ್ನೂ ಕುರಿತು ಹೆಚ್ಚಾಗಿ ಕೇಳಿದರು. ಒಂದು ದಿನ ಹುಡುಗನೂ ನಾನೂ ಕುಳಿತು ಮೊಬೈಲು ತಾನೇ ಬರೆದಿಟ್ಟಿದ್ದ ಲೆಕ್ಕವನ್ನು ತೆಗೆದೆವು. ದಿನಕ್ಕೆ ಏಳು ಗಂಟೆ. ವರ್ಷಕ್ಕೆ ೨,೫೫೫ ಗಂಟೆ. ಹಗಲಿರುಳುಗಳಾಗಿ ಎಣಿಸಿದರೆ ೧೦೬ ದಿನ. ಹೆಚ್ಚುಕಡಿಮೆ ಒಂದು ಚಾತುರ್ಮಾಸ್ಯ. ನಾನು ಏನೂ ಹೇಳಲಿಲ್ಲ. ಅವನೇ ಎರಡು ಸಲ ಗುಣಿಸಿ ನೋಡಿದ.

ಆಟವನ್ನು ಪೂರ್ತಿ ಬಿಟ್ಟನೆಂದು ಬರೆದರೆ ಸುಳ್ಳಾಗುತ್ತದೆ. ಪರೀಕ್ಷೆಯ ಮುಂಚೆ ಎರಡು ಸಲ ಹಿಂದಕ್ಕೆ ಜಾರಿದ. ಒಂದು ವಿಷಯದಲ್ಲಿ ಉತ್ತೀರ್ಣನಾಗಿದ್ದಾನೆ, ಒಂದು ಇನ್ನೂ ಉಳಿದಿದೆ. ತಾಯಿಯ ಸಂದೇಶಗಳನ್ನು ಬೇರೆಡೆಗೆ ನಕಲು ಮಾಡಿಟ್ಟುಕೊಂಡು, ರಾತ್ರಿ ಒಂಬತ್ತಕ್ಕೆ ಮೊಬೈಲನ್ನು ಮನೆಯ ಮಾಲಕರಲ್ಲಿ ಕೊಡುವ ಏರ್ಪಾಡನ್ನು ತಾನೇ ಮಾಡಿಕೊಂಡ. ತಂದೆ ದೀಪಾವಳಿಗೆ ಬಂದು ಎಂಟು ದಿನ ಇದ್ದರು. ಬಲಿಪಾಡ್ಯಮಿಯಂದು ದ್ಯೂತವಾಡುವ ಪದ್ಧತಿಯುಂಟಲ್ಲವೇ. ತಂದೆ ಮಗ ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಪಗಡೆಯಾಡಿದರು. ಮಗನು ಸೋತ. ಕಾಕಾನವರೂ ಅಂದು ಬಸವಕಲ್ಯಾಣದಿಂದ ಬಂದಿದ್ದರು. ದೂರದಲ್ಲಿ ನಿಂತು ನೋಡಿ, ಹೋಗುವಾಗ ಹುಡುಗನ ಕೈಯಲ್ಲಿ ಫರಾಳದ ಡಬ್ಬಿಯನ್ನಿಟ್ಟು ಹೋದರು. ಮಾತೇನೂ ಆಡಲಿಲ್ಲ.

ಈಗ ದ್ವಾದಶಿಯ ದಿನ ಎಲೆ ಹಾಕುವ ಮೊದಲು ನಮ್ಮ ಅಡುಗೆಯವರು ಬಂದವರನ್ನು ಎಣಿಸುತ್ತಾರೆ. ನಮ್ಮೂರಿನ ಕೋಣೆಗಳಲ್ಲಿರುವ ವಿದ್ಯಾರ್ಥಿಗಳು ಈಗ ಒಂಬತ್ತು ಮಂದಿ ಬರುತ್ತಾರೆ. ಕಳೆದ ದ್ವಾದಶಿಯಂದು ಎಂಟೇ ಆದರು. ಪಾರಣೆಯ ಮುಹೂರ್ತವು ಅಲ್ಪವಾಗಿತ್ತು. ತೀರ್ಥರೂಪರು ಒಳಗಿನಿಂದ ಅವಸರ ಮಾಡುತ್ತಿದ್ದರು. ಆ ಹುಡುಗನು ಎಲೆಯ ಕಟ್ಟನ್ನು ಕೆಳಗಿಟ್ಟು, “ಒಬ್ಬಾಂವ ಬಂದಿಲ್ರಿ, ಕೋಣಿ ನನಗ ಗೊತ್ತದ” ಎಂದವನೇ ಅಡುಗೆಯವರ ಸೈಕಲನ್ನು ತೆಗೆದುಕೊಂಡು ಹೊರಟ.

ಶ್ರೀಕೃಷ್ಣಾರ್ಪಣಮಸ್ತು